ಓರೆಯಾಗಿಟ್ಟ ಕುಂಡ

ಎಲೆಯನ್ನು ಅವರು ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ಬೆರಳು ಮಡಚಿ ಗೆಣ್ಣಿನ ಹಿಂಬದಿಯಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರಂತೆ ಎಂದು ಬರೆಯಲು ಕೈ ಹೋಗುತ್ತದೆ. ಅವರಿಗೆ ಮಕ್ಕಳಿರಲಿಲ್ಲ, ಆ ಹೋಲಿಕೆ ಕೇಳಿದ್ದರೆ ಎದ್ದು ಹೋಗುತ್ತಿದ್ದರು. ಕಾರಣ ಬೇರೆ. ಆ ಗಿಡದ ದಪ್ಪ ಎಲೆಗಳ ಮೇಲೆ ವಿಭೂತಿಯಂಥ ತೆಳುವಾದ ಬಿಳಿ ಪುಡಿ ಕೂತಿರುತ್ತಿತ್ತು. ಬೆರಳು ತಾಗಿದರೆ ಅಷ್ಟು ಜಾಗದ ಪುಡಿ ಅಳಿಸಿ ಗುರುತು ಬೀಳುತ್ತದೆ, ಎಲೆ ಉದುರುವವರೆಗೂ ಆ ಗುರುತು ಹೋಗುವುದಿಲ್ಲ.

"ಮುಟ್ಟಿ ಪ್ರೀತಿ ತೋರಿಸೋ ಗಿಡ ಅಲ್ಲ ಕಣ್ರೀ ಇದು," ಎಂದಿದ್ದರು ನನಗೆ. "ಸುಮ್ನೆ ಬಿಟ್ರೆ ಬದುಕತ್ತೆ. ನಮ್ಮ ಜನಕ್ಕೆ ಅದೊಂದೇ ಬರಲ್ಲ."

ಮೊನ್ನೆ ಅವರು ತೀರಿಹೋದ ಸುದ್ದಿ ತಂದ ಹಳೆಯ ವಿದ್ಯಾರ್ಥಿನಿಗೆ ಅವರ ಹೆಸರು ನೆನಪಿರಲಿಲ್ಲ. "ಅದೇ ಮಿಸ್, ಕುಂಡದ ಮಿಸ್" ಎಂದಳು. ನಾನೂ ಹೆಸರು ಎತ್ತಲಿಲ್ಲ. ಇಲ್ಲೂ ಎತ್ತುವುದಿಲ್ಲ. ಹೆಸರು ಹೇಳಿದ ಕೂಡಲೇ ಹುಟ್ಟಿದ್ದು, ಬೆಳೆದದ್ದು, ಸತ್ತದ್ದು ಎಂದು ಸಾಲು ಹಿಡಿಯಬೇಕಾಗುತ್ತದೆ. ನನಗೆ ಗೊತ್ತಿರುವುದು ಅವರ ಬದುಕಿನ ಕೆಲವೇ ವರ್ಷ. ಅದೂ ನಡುವಿನವು. ಅದರಲ್ಲೂ ಅರ್ಧ ಕಂಡದ್ದು, ಅರ್ಧ ಗೋಡೆಯಾಚೆಯಿಂದ ಕೇಳಿದ್ದು.

ಗೋಡೆ ಎಂದೆ. ಜಯನಗರದ ಆ ಮನೆಯ ಮುಂದಿನ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಅವರೂ ನಾನೂ ಒಂದೇ ಮಿಡ್ಲ್ ಸ್ಕೂಲಿನಲ್ಲಿ ಟೀಚರುಗಳು. ನನಗಿನ್ನೂ ಮದುವೆಯಾಗಿರಲಿಲ್ಲ, ರೂಮು ಕೊಡುವವರು ಯಾರೂ ಇರಲಿಲ್ಲ; ಅವರು ತಮ್ಮ ಮಾವನವರನ್ನು ಒಪ್ಪಿಸಿ ಕೊಡಿಸಿದರು. ಜಯನಗರ ಆಗಿನ್ನೂ ಮನೆಗಳಿಗಿಂತ ಸೈಟುಗಳ ಊರು. ಗಡಿಕಲ್ಲು ನೆಟ್ಟ ಖಾಲಿ ಜಾಗಗಳ ನಡುವೆ ಲಂಟಾನ, ಲಂಟಾನದಲ್ಲಿ ಹಾವು, ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಗೋಡೆ. ಬಸ್ಸು ಇಳಿದು ಮನೆ ಮುಟ್ಟುವುದರೊಳಗೆ ಸೀರೆಯಂಚು ಕೆಂಪಾಗುತ್ತಿತ್ತು. ಬೆಳಿಗ್ಗೆ ಸಾರಕ್ಕಿಯಿಂದ ಸೊಪ್ಪಿನ ಬುಟ್ಟಿ ಹೊತ್ತು ಬರುವ ಹೆಂಗಸಿನ ಕೂಗು ಬಿಟ್ಟರೆ ನಮ್ಮ ರಸ್ತೆಯಲ್ಲಿ ಸದ್ದಿರಲಿಲ್ಲ.

ಮಾವನವರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಸರ್ಕಾರಿ ಕೆಲಸದಿಂದ ನಿವೃತ್ತರು, ಹೆಂಡತಿ ಇಲ್ಲ, ಒಬ್ಬನೇ ಮಗ. ಆ ಮಗ ಸೈನ್ಯದಲ್ಲಿದ್ದರು, ಗಡಿಯಲ್ಲಿ ರಸ್ತೆ ಮಾಡಿಸುವ ಕೆಲಸ. ಚೀನಾ ಯುದ್ಧದಲ್ಲಿ ಕಾಣೆಯಾದರು. ಸತ್ತರೆಂದು ಯಾರೂ ಹೇಳಲಿಲ್ಲ, ಕಾಣೆ ಎಂದರು. ಮರುವರ್ಷ ಸೆರೆಯಾದವರು ತಿರುಗಿ ಬಂದರು. ಇವರು ಬರಲಿಲ್ಲ. ನಾನು ಆ ಮನೆಗೆ ಹೋದದ್ದು ಇದೆಲ್ಲ ಆದ ಮೇಲೆ. ಹಾಲಿನಲ್ಲಿ ಅವರ ಫೋಟೋ ಇತ್ತು. ಒಳಗೆ ಬಂದವರೆಲ್ಲ ಮೊದಲು ಫೋಟೋ ನೋಡುತ್ತಿದ್ದರು, ಹಾರ ಹಾಕಿದ್ದಾರೆಯೇ ಎಂದು; ಆಮೇಲೆ ಹೆಂಡತಿಯ ಹಣೆ ನೋಡುತ್ತಿದ್ದರು, ಕುಂಕುಮ ಇದೆಯೇ ಎಂದು. ಹಾರ ಇರಲಿಲ್ಲ. ಕುಂಕುಮ ಇತ್ತು. ಸ್ವಲ್ಪ ದೊಡ್ಡದಾಗಿಯೇ ಇತ್ತು.

ಗಿಡದ ಬಗ್ಗೆ ಹೇಳಬೇಕು. ಅಂಗೈ ಅಗಲದ್ದು. ಎಲೆಗಳು ಒಂದರ ಮೇಲೊಂದು ಸುತ್ತಿಕೊಂಡು ಕಲ್ಲಿನಲ್ಲಿ ಕೆತ್ತಿದ ಹೂವಿನಂತೆ ಕಾಣುತ್ತಿತ್ತು. ಒಂದು ಮುಳ್ಳಿಲ್ಲ. ಆದರೂ ಬೀದಿಯವರಿಗೆಲ್ಲ ಅದು ಕಳ್ಳಿ, ಕಳ್ಳಿ ಮನೆಯೊಳಗೆ ಇಡಬಾರದು. ನಾನು ಟ್ರಂಕು ಇಳಿಸಿದ ದಿನವೇ ರಾಯರು ಜಗಲಿಯ ಮೇಲಿದ್ದ ಕುಂಡ ತೋರಿಸಿ ಹೇಳಿದರು:

"ಇದು ನನ್ನ ಮಗ ತಂದದ್ದು ಕಣಮ್ಮ, ಪೂನಾದಿಂದ. ರೈಲಲ್ಲಿ ತೊಡೆ ಮೇಲಿಟ್ಕೊಂಡು ಬಂದ. ಎರಡು ದಿನ."

ಆ ದೃಶ್ಯ ನನ್ನ ಕಣ್ಣಿಗೆ ಈಗಲೂ ಕಟ್ಟಿದೆ. ಸಮವಸ್ತ್ರದ ಯುವಕ, ತೊಡೆಯ ಮೇಲೆ ಮಣ್ಣಿನ ಕುಂಡ, ಪಕ್ಕದವರು ಕೇಳುವ ಪ್ರಶ್ನೆಗಳು, ಕಿಟಕಿಯಾಚೆ ಬಯಲು. ನಾನು ಆ ಮನುಷ್ಯನನ್ನು ಕಂಡವಳೇ ಅಲ್ಲ. ಅಂಥದ್ದು ನಡೆದೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ದೃಶ್ಯ ಮಾತ್ರ ಹೋಗಲೊಲ್ಲದು.

ಆ ಒಂದು ಗಿಡದಿಂದ ನಮ್ಮ ಕುಂಡದ ಮಿಸ್ ಹಿತ್ತಲು ತುಂಬ ಮರಿ ಮಾಡಿದ್ದರು. ಬುಡದ ಎಲೆಯೊಂದನ್ನು ಪಕ್ಕಕ್ಕೆ ಅಲುಗಾಡಿಸಿ ಬಿಡಿಸಿ, ಗಾಯ ಒಣಗುವವರೆಗೆ ನೆರಳಿನಲ್ಲಿಟ್ಟು, ಬರೀ ಮರಳಿನ ಮೇಲೆ ಮಲಗಿಸುವರು. ನೀರಿಲ್ಲ. ಎಲೆ ಸುಕ್ಕಾಗುತ್ತ ಬರುತ್ತದೆ. ಅದರ ತುದಿಯಲ್ಲಿ ಸಾಸಿವೆಯಷ್ಟು ಗಾತ್ರದ ಮರಿ ಮೂಡುತ್ತದೆ. ತಾಯೆಲೆಯ ನೀರು ಕುಡಿದೇ ಅದು ಬೆಳೆಯಬೇಕು. ಹಾಲಿನ ಪುಡಿಯ ಡಬ್ಬ, ಒಡೆದ ಲೋಟ, ತೆಂಗಿನ ಚಿಪ್ಪು, ಎಲ್ಲದರ ತಳಕ್ಕೂ ಮೊಳೆಯಿಂದ ತೂತು. ಮರಳಿಗೆ ನಮ್ಮ ಬೀದಿಯಲ್ಲಿ ಕೊರತೆಯಿರಲಿಲ್ಲ. ಶಾಲೆಯಿಂದ ಬರುವಾಗ ಏಳುತ್ತಿರುವ ಯಾವುದೋ ಮನೆಯ ಮುಂದೆ ನಿಂತು, ಮರಳಿನ ರಾಶಿಯಿಂದ ಒಂದು ಹಿಡಿ ತೆಗೆದು ಬೆರಳ ನಡುವೆ ಉಜ್ಜಿ ನೋಡುತ್ತಿದ್ದರು.

"ಏನಕ್ಕಾ, ಮನೆ ಕಟ್ಟಿಸ್ತೀರಾ?" ಎಂದು ಮೇಸ್ತ್ರಿ ಕೇಳಿದ.

"ಹೂಂನಪ್ಪ. ಚಿಕ್ಕದು. ಒಂದು ಬುಟ್ಟಿ ಸಾಕು. ದಪ್ಪದ್ದು ಕೊಡು, ಜರಡಿ ಹಿಡಿದದ್ದು ಬೇಡ."

ಅದಕ್ಕೆ ಇಟ್ಟಿಗೆ ಚೂರು, ಬಚ್ಚಲೊಲೆಯ ಇದ್ದಿಲು ಕುಟ್ಟಿ ಸೇರಿಸುತ್ತಿದ್ದರು. ನೀರು ಹಾಕುವುದಕ್ಕೆ ಮಾತ್ರ ಒಂದು ವಿಚಿತ್ರ ಪಾತ್ರೆ: ಒಳಲೆ. ಎಳೆಯ ಮಕ್ಕಳಿಗೆ ಹಾಲು ಕುಡಿಸುವ ಬೆಳ್ಳಿಯ ಪುಟ್ಟ ಬಟ್ಟಲು, ಸಣ್ಣ ಮೂತಿಯಿರುವಂಥದ್ದು. ತವರಿನಲ್ಲಿ ಮದುವೆಗೆ ಕೊಟ್ಟದ್ದು. ಎಲೆಗೆ ತಾಗದ ಹಾಗೆ, ಕುಂಡದ ಅಂಚಿನ ಮರಳಿಗೆ ಮಾತ್ರ ನೀರು ಬೀಳಬೇಕು. ಒಳಲೆಯ ಮೂತಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅದೂ ಮರಳು ಪೂರ್ತಿ ಒಣಗಿ ಕೆಲವು ದಿನ ಕಳೆದ ಮೇಲೆ. ನಾನು ನೋಡುತ್ತಿದ್ದದ್ದು ಅವರಿಗೆ ತಿಳಿಯಿತು.

"ಇನ್ಯಾವುದಕ್ಕೆ ಬೇಕಿತ್ತು ಬಿಡಿ," ಎಂದರು.

ಎದುರು ಮನೆಯಾಕೆಯ ವಿಷಯ. ಆ ಬೀದಿಯ ಅರಿಶಿನ ಕುಂಕುಮಗಳೆಲ್ಲ ಆಕೆಯ ಉಸ್ತುವಾರಿ. ಗೌರಿ ಹಬ್ಬಕ್ಕೆ ಮುಂಚೆ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಪಿಸುಗುಟ್ಟಿದರು:

"ಏನಮ್ಮ, ನಿಮ್ಮ ಓನರ್ ಸೊಸೆಯನ್ನ ಕರೀಲೋ ಬೇಡ್ವೋ? ಕರೆದ್ರೆ ನನ್ನ ಮನೆಗೆ ಕೇಡು ಅಂತಾರೆ. ಬಿಟ್ರೆ, ಆ ಮಹಾರಾಯ ನಾಳೆ ಬಂದು ನಿಂತ್ರೆ, ಮುತ್ತೈದೆಗೆ ಅವಮಾನ ಮಾಡಿದ ಪಾಪ ನಂಗೆ. ನೀವೇ ಹೇಳಿ ನಾನೇನು ಮಾಡ್ಲಿ?"

ಆಕೆ ಕೆಟ್ಟವರಲ್ಲ. ನಿಜವಾಗಿಯೂ ಕಷ್ಟಕ್ಕೆ ಸಿಕ್ಕಿಕೊಂಡಿದ್ದರು. ಕೊನೆಗೆ ಕರೆಯಲಿಲ್ಲ. ಸಂಜೆ ನಾನು ಹೋದೆ. ಹೆಂಗಸರೆಲ್ಲ ಕೂತಿದ್ದಾರೆ, ಅವರು ಹಿತ್ತಲಲ್ಲಿ ಇಟ್ಟಿಗೆ ಕುಟ್ಟುತ್ತಿದ್ದ ಸೀರೆಯಲ್ಲೇ ಒಳಗೆ ಬಂದರು. ನೇರ ತಟ್ಟೆಯ ಮುಂದೆ ಹೋಗಿ ಬಗ್ಗಿದರು.

"ಇಡಿ," ಎಂದರು ಎದುರು ಮನೆಯಾಕೆಗೆ. "ಕೈ ಬರದಿದ್ರೆ ಹೇಳಿ, ನಾನೇ ಇಟ್ಕೋತೀನಿ. ನಿಮಗೆ ಪಾಪ ಬರಲ್ಲ."

ಆಕೆ ಇಟ್ಟರು. ಕುಂಕುಮ ಮೂಗಿನ ಮೇಲೆಲ್ಲ ಉದುರಿತು. ಅವರು ಒರೆಸಿಕೊಳ್ಳದೆ ಕೋಸಂಬರಿ ಕೇಳಿ ಹಾಕಿಸಿಕೊಂಡು, ಕೂತು ತಿಂದು, "ಉಪ್ಪು ಮುಂದಾಗಿದೆ" ಎಂದು ಹೇಳಿ ಬಂದರು. ಅವರು ಹೀಗೆ ಹೇಳಿದ್ದು ಅಂದೇ ಎಂದು ನನಗೆ ಖಾತ್ರಿ ಇಲ್ಲ. ಬೇರೆ ಯಾರ ಮನೆಯಲ್ಲೋ, ಬೇರೆ ಹಬ್ಬದಲ್ಲೋ ಇರಬಹುದು. ಮೂಗಿನ ಮೇಲಿನ ಕುಂಕುಮ ಮಾತ್ರ ಅಂದಿನದೇ.

ಮುಂದಿನದಕ್ಕೆ ಕಾರಣ ರಾಯರ ಒಂದು ಅಭ್ಯಾಸ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿದ ಮೇಲೆ ಪಂಚಪಾತ್ರೆಯಲ್ಲಿ ಉಳಿದ ನೀರನ್ನು ಯಾರೂ ತುಳಿಯದ ಜಾಗಕ್ಕೆ ಹಾಕಬೇಕು. ಆ ನೀರು ತುಳಸಿಗೂ ಆಗುವುದಿಲ್ಲ ಎನ್ನುವುದು ಅವರ ಮನೆಯ ಪದ್ಧತಿ. ಅಂಗಳದ ದಾಸವಾಳದ ಬುಡಕ್ಕೆ ಹಾಕುತ್ತಿದ್ದರಂತೆ. ಮಗ ಕಾಣೆಯಾದ ಮೇಲೆ ಆ ಕುಂಡಕ್ಕೆ ಹಾಕತೊಡಗಿದರು. ಉದ್ಧರಣೆಯ ಚಮಚದಿಂದ, ನಿಧಾನವಾಗಿ, ಎಲೆಗಳ ನಡುವೆ, ಗಿಡದ ನೆತ್ತಿಗೆ ಸರಿಯಾಗಿ.

ನೆತ್ತಿಯಲ್ಲಿ ನೀರು ನಿಂತರೆ ಆ ಗಿಡ ಕೊಳೆಯುತ್ತದೆ.

"ಮಾವ, ಇದಕ್ಕೆ ನೀರಾಗಲ್ಲ," ಎಂದು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಉದ್ಧರಣೆ ನೀರಮ್ಮ. ಒಂದು ತೊಟ್ಟು. ನೀರು ಬೇಡ ಅನ್ನೋ ಜೀವ ಎಲ್ಲಾದ್ರೂ ಉಂಟೆ?"

ಮಾರನೆಯ ದಿನ ಸೊಸೆ ಕುಂಡದ ಒಂದು ಮಗ್ಗುಲಿಗೆ ಚಪ್ಪಟೆ ಕಲ್ಲು ಕೊಟ್ಟು ಓರೆ ಮಾಡಿದರು, ನೀರು ನೆತ್ತಿಯಲ್ಲಿ ನಿಲ್ಲದೆ ಜಾರಿ ಹೋಗಲೆಂದು. ರಾಯರು ಬಂದು, "ಅಯ್ಯೋ, ವಾಲಿಕೊಂಡಿದೆಯಲ್ಲ" ಎಂದು ಕಲ್ಲು ತೆಗೆದು ನೆಟ್ಟಗೆ ಕೂರಿಸಿ ನೀರು ಹಾಕಿದರು. ಸೊಸೆ ಸ್ಕೂಲಿಗೆ ಹೊರಡುವಾಗ ಮತ್ತೆ ಕಲ್ಲು. ಸಂಜೆಯೊಳಗೆ ಮತ್ತೆ ನೆಟ್ಟಗೆ. ಬೇಸಿಗೆ ಪೂರ್ತಿ ಇದು ನಡೆಯಿತು. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಿಸಿಲಿದ್ದಷ್ಟು ದಿನ ಚಿಂತೆಯಿರಲಿಲ್ಲ, ಬಿದ್ದ ನೀರು ಮಧ್ಯಾಹ್ನಕ್ಕೆ ಆರುತ್ತಿತ್ತು. ಅವರು ಹತ್ತಿಯ ಬತ್ತಿಯೊಂದನ್ನು ಹೊಸೆದು ಎಲೆಗಳ ನಡುವೆ ಇಳಿಸಿ ಉಳಿದ ನೀರನ್ನು ಹೀರಿ ತೆಗೆಯುತ್ತಿದ್ದರು.

ಆ ಮನೆಯ ಪುರೋಹಿತರಾದ ಶಾಸ್ತ್ರಿಗಳು ಬಂದದ್ದು ಆ ಬೇಸಿಗೆಯಲ್ಲೇ. ಹನುಮಂತನಗರದಿಂದ ನಡೆದು ಬಂದು ಬೆವರು ಒರೆಸಿಕೊಳ್ಳುತ್ತ ಹಾಲಿನಲ್ಲಿ ಕೂತರು. ನನ್ನ ರೂಮಿನ ಬಾಗಿಲು ಹಾಲಿಗೇ ತೆರೆಯುತ್ತಿತ್ತು.

"ಕಾಣೆಯಾದವರಿಗೂ ದಾರಿ ಇದೆ ರಾಯರೇ," ಎಂದರು. "ಮುತ್ತುಗದ ಎಲೆಯಲ್ಲಿ ಆಕೃತಿ ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು, ಅದಕ್ಕೇ ಸಂಸ್ಕಾರ ಮಾಡೋದು. ಹನ್ನೆರಡು ವರ್ಷ ಕಾಯಬೇಕು ಅನ್ನೋದು ಒಂದು ಪಕ್ಷ. ಯುದ್ಧಕ್ಕೆ ಹೋದವರಿಗೆ ಅಷ್ಟು ಬೇಕಿಲ್ಲ ಅನ್ನೋದು ಇನ್ನೊಂದು."

ರಾಯರು ಜಗಲಿಯ ಕುಂಡದ ಕಡೆ ನೋಡಿದರು. ಆಮೇಲೆ, "ಅವನಿಗೆ ಬಾಯಾರಿಕೆ ಜಾಸ್ತಿ ಶಾಸ್ತ್ರಿಗಳೇ. ಚಿಕ್ಕಂದಿನಿಂದಲೂ ಹಾಗೇ. ಅಲ್ಲೆಲ್ಲೋ ಪಿಂಡ ಇಲ್ಲ, ನೀರಿಲ್ಲ, ಅಲೀತಿದ್ರೆ ಯಾರು ಕೊಡ್ತಾರೆ ಹೇಳಿ," ಎಂದರು.

ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದರು. "ಬೊಂಬೆ ಸುಟ್ಟ ಮೇಲೆ ಅವರು ಬಂದ್ರೆ?" ಎಂದು ಕೇಳಿದರು.

"ಬಂದ್ರೆ ಅದಕ್ಕೂ ವಿಧಿ ಇದೆ ತಾಯಿ. ಹೊಸದಾಗಿ ಹುಟ್ಟಿದ ಹಾಗೆ ಲೆಕ್ಕ. ಜಾತಕರ್ಮ, ನಾಮಕರಣ, ಉಪನಯನ, ಎಲ್ಲ ಮತ್ತೆ ಮಾಡೋದು. ಮದುವೆವರೆಗೂ."

"ಮದುವೆ ಯಾರ ಜೊತೆ?"

"ಇನ್ಯಾರು, ನಿಮ್ಮ ಜೊತೆನೇ."

"ಅಷ್ಟರಲ್ಲಿ ನನ್ನನ್ನ ವಿಧವೆ ಮಾಡಿರ್ತೀರಲ್ಲ? ವಿಧವೆಗೆ ಮದುವೆ ಮಾಡಿಸ್ತೀರಾ ಶಾಸ್ತ್ರಿಗಳೇ?"

ಶಾಸ್ತ್ರಿಗಳು ಕೆಮ್ಮಿ, ಕಾಫಿ ಆರುತ್ತದೆ ಎಂದರು. ರಾಯರು ಸೊಸೆಯ ಮುಖ ನೋಡದೆ ಹೇಳಿದರು: "ನಿನ್ನ ಒಪ್ಪಿಗೆ ಇಲ್ದೆ ನಾನು ಮಾಡಲ್ಲಮ್ಮ. ಗಿಡ ಇದೆಯಲ್ಲ. ಅವನು ತಂದದ್ದು. ಅದಿರೋವರೆಗೂ ಈ ಮಾತು ಬೇಡ. ಅದೇ ಹೇಳ್ಲಿ."

ದೇವರ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ ಎಂದು ಪ್ರಸಾದ ಕೇಳುವ ಮನುಷ್ಯ ಅವರು. ಮಗಳಂಥ ಸೊಸೆಯ ಹಣೆಯ ತೀರ್ಮಾನವನ್ನು ತಾವು ಮಾಡಲಾರದೆ ಕುಂಡದ ಮೇಲೆ ಹೊರಿಸಿದರು. ಅವರು ಅದನ್ನು ಕರುಣೆಯಿಂದಲೇ ಮಾಡಿದರು ಎಂದು ಈಗಲೂ ನಂಬಿದ್ದೇನೆ.

ಮಾರನೆಯ ದಿನ ಸ್ಕೂಲಿಗೆ ನಡೆಯುತ್ತ, "ಗೆದ್ದಿರಲ್ಲ ಅಕ್ಕ," ಎಂದೆ. "ಗಿಡ ಬದುಕಿಸೋದು ನಿಮಗೇನು ಕಷ್ಟ?"

"ಗೆದ್ದೆ," ಎಂದರು. "ನೀರು ಹಾಕೋರು ಯಾರು ಅಂತ ನೋಡಿದೀರಲ್ಲ."

ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಮಾತು ತೆಗೆದರು. "ಅದು ನಮ್ಮವರು ತಂದ ಗಿಡ ಅಲ್ಲ ಕಣ್ರೀ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹೊರಗೆ ಒಬ್ಬ ಮಾರ್ತಿದ್ದ, ನಾನೇ ತಗೊಂಡೆ. ಮದುವೆಗೆ ಮುಂಚೆ. ಇಲ್ಲಿಗೆ ತಂದಾಗ ಕಳ್ಳಿ ಮನೇಲಿ ಇಡಬಾರದು, ಎಸಿ ಅಂದ್ರು ಮಾವ. ಇವರು ಪೂನಾದಿಂದ ರಜೆಗೆ ಬಂದಿದ್ದ ಸಮಯ. ನಿಮ್ಮ ಮಗನೇ ತಂದದ್ದು ಅಂದುಬಿಟ್ಟೆ. ಇವರೂ ನಕ್ಕು ಹೂಂ ಅಂದ್ರು. ರೈಲು, ತೊಡೆ, ಅದೆಲ್ಲ ಮಾವನವರು ಆಮೇಲೆ ಸೇರಿಸ್ಕೊಂಡದ್ದು."

"ನಿಮಗೇನನ್ಸತ್ತೆ? ಬರ್ತಾರಾ?"

"ಇಲ್ಲ." ಯೋಚಿಸದೆ ಹೇಳಿದರು. "ಅವರಿಲ್ಲ ಅಂತ ನಂಗೆ ಯುದ್ಧದ ಆ ಚಳಿಗಾಲದಲ್ಲೇ ಗೊತ್ತಾಗಿದೆ. ಅತ್ತೂ ಆಗಿದೆ. ಅದು ನನ್ನ ಅವರ ನಡುವಿನ ವಿಷಯ. ಹಣೆ ಅಳಿಸ್ಕೊಂಡು ಮೂಲೆಗೆ ಕೂರೋದು ಊರಿನ ವಿಷಯ. ಎದುರು ಮನೆಯಾಕೆ ನನ್ನ ಮುಖ ನೋಡಿ ಒಳಗೆ ಹೋಗಿ ನೀರು ಕುಡಿದು ಮತ್ತೆ ಹೊರಡೋದು, ಸ್ಕೂಲಲ್ಲಿ ಪ್ರಾರ್ಥನೆಗೆ ದೀಪ ಹಚ್ಚೋಕೆ ನೀವು ಬೇಡ ಅನ್ನೋದು. ಅದು ನಂಗೆ ಬೇಡ. ಸತ್ತವರಿಗಾಗಿ ನಾನು ಏನು ಬೇಕಾದ್ರೂ ಮಾಡ್ತೀನಿ. ಊರಿಗಾಗಿ ಮಾಡಲ್ಲ."

ಇಷ್ಟು ದೀರ್ಘವಾಗಿ ಅವರು ಮಾತಾಡಿದ್ದು ಅದೊಂದೇ ಸಲ. ಅಥವಾ ಹಲವು ಸಲ ಆಡಿದ ತುಂಡು ಮಾತುಗಳನ್ನು ನಾನು ಒಂದು ನಡಿಗೆಯೊಳಗೆ ಹೊಲಿದಿರಬಹುದು.

ಆಷಾಢ ಬಂತು. ಜಡಿಮಳೆಯೂ ಇಲ್ಲ, ಬಿಸಿಲೂ ಇಲ್ಲ. ವಾರಗಟ್ಟಲೆ ಬೂದಿ ಬಣ್ಣದ ಆಕಾಶ, ಗಾಳಿ, ಮುಖಕ್ಕೆ ಎರಚುವ ತುಂತುರು. ಒಣಹಾಕಿದ ಬಟ್ಟೆಯಲ್ಲಿ ನಾತ. ವಿಲ್ಸನ್ ಗಾರ್ಡನ್‌ನಲ್ಲಿದ್ದ ನನ್ನ ಸೋದರತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರು, ನೋಡಿಕೊಳ್ಳಲು ನಾನು ಅಲ್ಲಿಗೆ ಹೋದೆ. ಅದೇ ಸಮಯಕ್ಕೆ ಇತ್ತ ಜಯನಗರದಲ್ಲಿ ಅವರಿಗೆ ಜ್ವರ ಹಿಡಿಯಿತು. ಮಲಗಿದವರು ಏಳಲಾಗಲಿಲ್ಲ. ಹೀಗಾಗಿ ಆ ದಿನಗಳಲ್ಲಿ ನಡೆದದ್ದು ನಾನು ಕಂಡದ್ದಲ್ಲ. ರಾಯರು ಗಂಜಿ ಕಾಯಿಸಿದರು, ಹಣೆಗೆ ಪಟ್ಟಿ ಹಾಕಿದರು, ಕಷಾಯ ಕುಡಿಸಿದರು. ಬೆಳಿಗ್ಗೆ ಕುಂಡಕ್ಕೆ ನೀರು ಹಾಕಿದರು. ಸೊಸೆ ಮಲಗಿದ್ದಾಳೆ, ಅವಳ ಪಾಲಿನದ್ದೂ ತಾನೇ ನೋಡಿಕೊಳ್ಳಬೇಕೆಂದು ಸಂಜೆಯೂ ಹಾಕಿದರು.

ನಾನು ಹಿಂದಿರುಗಿದಾಗ ಕುಂಡ ನೆಟ್ಟಗೆ ಕೂತಿತ್ತು. ಅವರು ಶಾಲು ಹೊದ್ದು ಜಗಲಿಯ ಮೇಲೆ ಅದರ ಪಕ್ಕ ಕೂತಿದ್ದರು. ಗಿಡದ ನಡುಭಾಗ ಕಪ್ಪಾಗಿ ಕುಸಿದಿತ್ತು. ಹಳಸಿದ ಅನ್ನದಂಥ ವಾಸನೆ. ಅವರು ಗೆಣ್ಣಿನಿಂದ ಒಂದೆಲೆ ಮುಟ್ಟಿದರು, ಅದು ಬಿತ್ತು. ಇನ್ನೊಂದು ಮುಟ್ಟಿದರು, ಅದರ ಜೊತೆ ಮೂರು ಬಿದ್ದವು.

"ರಾಯರು ನೋಡಿದ್ರಾ?" ಎಂದೆ.

"ಇನ್ನೂ ಇಲ್ಲ. ಕಣ್ಣು ಮಂಜು. ಇವತ್ತೂ ಹಾಕಿದ್ರು."

ಹಿತ್ತಲಲ್ಲಿ, ಬಚ್ಚಲಿನ ಹಿಂದೆ, ಸೂರಿನ ಕೆಳಗೆ ಅದೇ ಗಾತ್ರದ ಅದೇ ಬಣ್ಣದ ಗಿಡ ಡಬ್ಬದಲ್ಲಿತ್ತು. ಅದು ಇದರದೇ ಎಲೆಯಿಂದ ಬಂದದ್ದು. ನಾನು ಅದನ್ನು ಹೇಳಿದೆ. ಕುಂಡ ಅದೇ ಇರಲಿ, ಗಿಡ ಮಾತ್ರ ಬದಲಾಯಿಸೋಣ, ಯಾರಿಗೆ ತಿಳಿಯುತ್ತದೆ?

"ಯಾರಿಗೂ ತಿಳಿಯಲ್ಲ," ಎಂದರು. "ಒಂದು ಸುಳ್ಳು ಹೇಳಿದ್ದಕ್ಕೆ ಇಷ್ಟಾಯ್ತು. ಇದನ್ನೂ ಹೇಳಿದ್ರೆ ಸಾಯೋವರೆಗೂ ಕುಂಡ ಕಾಯ್ತಾ ಕೂರಬೇಕು ನಾನು. ನಾಳೆ ಇದಕ್ಕೂ ನೀರು ಹಾಕ್ತಾರೆ, ನಾಡಿದ್ದು ಇನ್ನೊಂದು. ಬೇಡ. ಗಿಡದ ವಿಷಯ ಗಿಡದ ಹಾಗೆ ಹೇಳಿಬಿಡ್ತೀನಿ. ಕೊಳೆತದ್ದು ನೀರಿಂದ. ಅದರಲ್ಲಿ ದೇವರ ಮಾತೇನಿದೆ?"

ಹೇಳಿದರು. ಅಂದು ಸಂಜೆಯೇ, ದೀಪ ಹಚ್ಚುವ ಮುಂಚೆ. ನಾನು ರೂಮಿನಲ್ಲಿದ್ದೆ.

"ನನ್ನ ನೀರಿಂದಲಾ?" ಎಂದರು ರಾಯರು.

"ಹೌದು ಮಾವ. ನೆತ್ತಿಯಲ್ಲಿ ನೀರು ನಿಂತ್ರೆ ಕೊಳೆಯತ್ತೆ. ಬಿಸಿಲೂ ಇರ್ಲಿಲ್ಲ. ಅಷ್ಟೆ. ಬೇರೆ ಯಾವ ಅರ್ಥನೂ ಇಲ್ಲ ಅದಕ್ಕೆ."

"ನನ್ನ ನೀರಿಂದ," ಎಂದರು ಮತ್ತೆ. ಅದು ಪ್ರಶ್ನೆಯಾಗಿರಲಿಲ್ಲ.

ಬುದ್ಧಿವಂತೆಯಾದ ಅವರು ತಪ್ಪಿದ್ದು ಅಲ್ಲಿ. ಗಿಡ ಬೇರೆ ಮಗ ಬೇರೆ ಎಂದು ತಿಳಿದವರಿಗೆ ಮಾತ್ರ ಆ ನಿಜ ಹಗುರ. ರಾಯರಿಗೆ ಎರಡೂ ಒಂದೇ ಆಗಿಹೋಗಿ ಬಹಳ ಕಾಲವಾಗಿತ್ತು. ಬಾಯಾರಿದ ಮಗನಿಗೆಂದು ದಿನಾ ಕೊಟ್ಟ ನೀರು ಮಗನನ್ನು ಕೊಂದಿತು ಎಂದು ಅವರು ಕೇಳಿಸಿಕೊಂಡರು.

ಮಾರನೆಯ ಬೆಳಿಗ್ಗೆ ಸಂಧ್ಯಾವಂದನೆ ಇಲ್ಲ. ಪಂಚಪಾತ್ರೆ ದೇವರಗೂಡಿನಲ್ಲಿ ಬೋರಲು ಬಿದ್ದಿತ್ತು. ರಾಯರು ಕಂಬಕ್ಕೆ ಒರಗಿ ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ಕೂತಿದ್ದರು, ಅದು ಬೇರೆಯವರ ಕೈ ಎಂಬಂತೆ. ಊಟಕ್ಕೆ ಏಳಲಿಲ್ಲ. ಅನ್ನ ಕಲಸಿ ಕೊಟ್ಟರೆ ಬಾಯಿಗೆ ಹೋಗುತ್ತಿತ್ತು, ಗಂಟಲಿಗೆ ಇಳಿಯುತ್ತಿರಲಿಲ್ಲ. ನೀರು ಕುಡಿದರೆ ಕಕ್ಕುತ್ತಿದ್ದರು. ಡಾಕ್ಟರು ಬಂದು ಎದೆ, ಹೊಟ್ಟೆ ನೋಡಿ ಏನೂ ಇಲ್ಲ ಎಂದರು, ಹೊರಗೆ ಬಂದು ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದೂ ಹೇಳಿದರು.

ಸೊಸೆ ತಮ್ಮಲ್ಲಿ ಉಳಿದಿದ್ದ ಒಂದೇ ನಿಜವನ್ನೂ ಪ್ರಯೋಗಿಸಿದರು. ಮಾವನ ಪಕ್ಕ ನೆಲದ ಮೇಲೆ ಕೂತು, "ಮಾವ, ಆ ಗಿಡ ಅವರು ತಂದದ್ದೇ ಅಲ್ಲ. ನಾನು ಲಾಲ್‌ಬಾಗ್‌ನಲ್ಲಿ ತಗೊಂಡದ್ದು. ಎಸೀತೀರಲ್ಲ ಅಂತ ಸುಳ್ಳು ಹೇಳಿದ್ದೆ," ಎಂದರು.

ರಾಯರು ಸೊಸೆಯ ತಲೆಯ ಮೇಲೆ ಕೈಯಿಡಲು ಹೋಗಿ, ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ನನ್ನ ಸಮಾಧಾನಕ್ಕೆ ಎಷ್ಟು ಸುಳ್ಳು ಹೇಳ್ತೀಯಮ್ಮ," ಎಂದರು. "ತೊಡೆ ಮೇಲಿಟ್ಕೊಂಡು ಬಂದಿದ್ದನ್ನ ನಾನೇ ನೋಡಿದೀನಿ. ಸ್ಟೇಷನ್ನಿಗೆ ಹೋಗಿದ್ನಲ್ಲ ನಾನು."

ಸೊಸೆ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಅಲ್ಲಿದ್ದರು. ಹಿತ್ತಲಲ್ಲಿ ಏನು ಮಾಡಿದರೋ ನನಗೆ ಗೊತ್ತಿಲ್ಲ, ಏನೂ ಮಾಡದೆ ಡಬ್ಬಗಳ ನಡುವೆ ನಿಂತಿರಲೂಬಹುದು. ಒಳಗೆ ಬಂದಾಗ ಕೈಯಲ್ಲಿ ಒಂದು ಲೋಟ ಮಜ್ಜಿಗೆ ಇತ್ತು. ಹೊಸಿಲು ದಾಟುವ ಮೊದಲು ನನ್ನ ಮುಖ ನೋಡಿದರು. ನನಗೆ ಅರ್ಥವಾಯಿತು. ತಡೆಯುವುದಕ್ಕೆ ನನ್ನ ಹತ್ತಿರ ಬೇರೆ ಉಪಾಯವಿರಲಿಲ್ಲ.

"ಮಾವ, ನಿಮ್ಮ ನೀರಿಂದಲ್ಲ," ಎಂದರು. ಪಾಠ ಒಪ್ಪಿಸುವವರ ದನಿ. "ಇವತ್ತು ಮಣ್ಣು ಬಿಡಿಸಿ ನೋಡಿದೆ. ಬೇರೇ ಇರ್ಲಿಲ್ಲ. ಬುಡ ಎಂದೋ ಹೋಗಿತ್ತು, ಒಳಗಿಂದೊಳಗೆ. ನೀವು ನೀರು ಹಾಕೋಕೆ ಶುರು ಮಾಡೋದಕ್ಕೆ ಮುಂಚೆನೇ. ಎಲೆಗಳು ಮಾತ್ರ ಇದ್ದ ಹಾಗೆ ಕಾಣ್ತಿದ್ವು."

ರಾಯರು ತಲೆ ಎತ್ತಿದರು. "ಮುಂಚೆನೇ?"

"ಮುಂಚೆನೇ. ಯುದ್ಧದ ಆ ಚಳಿಗಾಲದಲ್ಲೇ." ಲೋಟವನ್ನು ಅವರ ಕೈಗೆ ಕೊಟ್ಟು ಬೆರಳು ಮಡಚಿಸಿದರು. "ಶಾಸ್ತ್ರಿಗಳಿಗೆ ಹೇಳಿ ಕಳಿಸಿ. ನಾನು ಒಪ್ಪಿದೀನಿ."

ರಾಯರು ಅತ್ತರು. ಆಮೇಲೆ ಮಜ್ಜಿಗೆ ಕುಡಿದರು. ಕಕ್ಕಲಿಲ್ಲ.

ಮುತ್ತುಗದೆಲೆಯ ಆಕೃತಿಯನ್ನು ನಮ್ಮ ಅಂಗಳದಲ್ಲೇ ಕಟ್ಟಿದರು. ಅದನ್ನು ನೋಡಿದರೆ ಮನುಷ್ಯನಂತೆ ಕಾಣುತ್ತಿರಲಿಲ್ಲ, ಊಟದೆಲೆ ಹಚ್ಚಲು ತಂದ ಕಟ್ಟಿನಂತೆ ಕಾಣುತ್ತಿತ್ತು. ತೆಂಗಿನಕಾಯಿಗೆ ಬಿಳಿ ಬಟ್ಟೆ ಸುತ್ತಿದಾಗ ಮಾತ್ರ ನಾನು ಒಳಗೆ ಹೋದೆ. ಅವರು ಹೋಗಲಿಲ್ಲ. ಬಿಗಿ ಸಾಲದೆ ಒಂದು ಕಡೆ ದಾರ ಸಡಿಲವಾಗಿದ್ದನ್ನು ಶಾಸ್ತ್ರಿಗಳಿಗೆ ತೋರಿಸಿಕೊಟ್ಟರು. ಹತ್ತನೆಯ ದಿನ ಬೀದಿಯ ವಯಸ್ಸಾದ ಹೆಂಗಸರು ಬಂದರು. ಎದುರು ಮನೆಯಾಕೆಯೇ ಅವರನ್ನು ಕರೆತಂದದ್ದು. ಅತ್ತು ಅತ್ತು ಆಕೆಯ ಕಣ್ಣು ಊದಿದ್ದವು, ಅದು ನಾಟಕವಾಗಿರಲಿಲ್ಲ. ಯಾರೋ ಹಣೆಯ ಕಡೆ ಕೈ ಚಾಚಿದಾಗ ಅವರು ತಲೆ ಹಿಂದಕ್ಕೆಳೆದುಕೊಂಡು, "ನೀವು ಮುಟ್ಟಬೇಡಿ" ಎಂದು ಸೆರಗಿನ ತುದಿಯನ್ನು ತಾವೇ ಒದ್ದೆ ಮಾಡಿಕೊಂಡರು. ವರ್ಷಗಳ ಕುಂಕುಮ ಒಂದು ಒರೆಸಿಗೆ ಹೋಗುವುದಿಲ್ಲ. ಚರ್ಮ ಕೆಂಪಾಗುವವರೆಗೂ ಉಜ್ಜಿದರು. ಬಳೆಗಳನ್ನು ಒಡೆಯಲು ಬಿಡಲಿಲ್ಲ, ಒಂದೊಂದಾಗಿ ಬಿಚ್ಚಿ ಕೊಟ್ಟರು.

ಹದಿಮೂರನೆಯ ದಿನದ ಊಟ. ಹಾಲಿನಲ್ಲಿ ಪಂಕ್ತಿ ಕೂತಿತ್ತು. ಫೋಟೋಗೆ ಹಾರ ಬಿದ್ದಿತ್ತು. ಅವರೂ ನಾನೂ ಹಿಂದಿನ ಅಡುಗೆಮನೆಯಲ್ಲಿದ್ದೆವು, ಒಲೆಯ ಹತ್ತಿರ. ಅವರು ಬಿಳಿಯದಲ್ಲ, ಮಾಸಲು ಕಂದು ಸೀರೆಯೊಂದನ್ನು ಉಟ್ಟಿದ್ದರು. ಹಾಗೆಂದು ನನಗೆ ನೆನಪು. ಕೇಳಬಾರದಿತ್ತು, ಆದರೂ ಕೇಳಿದೆ:

"ನೀವು ಇದನ್ನೆಲ್ಲ ನಂಬಿ ಒಪ್ಪಿದ್ರಾ ಅಕ್ಕ?"

ಅವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಹಾಲಿನ ಕಡೆ ಕಿವಿಯಿಟ್ಟಿದ್ದರು. ಅಲ್ಲಿ ರಾಯರ ದನಿ ಕೇಳಿಸಿತು. ವಾರಗಳಿಂದ ಕೇಳದ, ಸಾಮಾನ್ಯವಾದ, ಸ್ವಲ್ಪ ಅಸಹನೆಯ ದನಿ:

"ಇಲ್ಲಿ ಸಾರು ಬರ್ಲಿ ಯಾರಾದ್ರೂ. ಅನ್ನ ಹಾಗೇ ಇದೆ."

"ಕೇಳಿಸ್ತಾ?" ಎಂದರು ನನಗೆ. "ಮತ್ತೆ ಅನ್ನ ಹಾಕಿಸ್ಕೊಂಡಿದಾರೆ."

ಹೇಳಿದವರೇ ಒಲೆಯ ಮೇಲಿನ ಸಾರಿನ ಪಾತ್ರೆಯನ್ನು ಎತ್ತಿಕೊಂಡು ನಡೆದರು. ಆ ಮನೆಯಲ್ಲಿ ರಾಯರಿಗೆ ಸಾರು ಬಡಿಸುವುದು ಎಂದೂ ಅವರ ಕೆಲಸವೇ. ಹಾಲಿನ ಬಾಗಿಲವರೆಗೆ ಹೋದರು. ಎದುರು ಮನೆಯಾಕೆ ಅಡ್ಡ ಬಂದು, ಒಳಗಿನ ಪಂಕ್ತಿಯ ಕಡೆ ಒಮ್ಮೆ ತಿರುಗಿ ನೋಡಿ, ತಗ್ಗಿದ ದನಿಯಲ್ಲಿ, "ಇಲ್ಲಿ ಕೊಡಿ, ನೀವು ಬೇಡ" ಎಂದರು. ಅವರು ಪಾತ್ರೆ ಬಿಟ್ಟುಕೊಟ್ಟರು. ಅದು ಕುದಿಯುತ್ತಿದ್ದ ಸಾರು. ಆಕೆ ಸೆರಗನ್ನು ಮಡಚಿ ಎರಡೂ ಕೈಗೆ ಸುತ್ತಿ ಹಿಡಿದುಕೊಂಡರು. ಇವರು ಅದನ್ನು ಅಲ್ಲಿಯವರೆಗೆ ಬರಿಗೈಯಲ್ಲಿ ತಂದಿದ್ದರು.